ಹುಟ್ಟು ಹಾಕುವ ಮುನ್ನ ದಂಡೆ ನೋಡಿ

ದಾಂಡೇಲಿಯ ಕಾಳಿ ನದಿಯಲ್ಲಿ ಕಯಾಕ್ ನಡೆಸಲು ಕಲಿತ ಮೇಲೆ, ನಮ್ಮ ಸೀಮೆಯ ನೀರಲ್ಲೂ ಹುಟ್ಟು ಹಾಕುವ ಆಸೆ ನನಗೂ ನಮ್ಮ ಯಜಮಾನರಿಗೂ ಮೂಡಿತು. ಕಯಾಕ್ ಎಂದರೆ ಒಬ್ಬಿಬ್ಬರು ಕಾಲು ಚಾಚಿ ಕುಳಿತು ನಡೆಸುವ ಕಿರಿದಾದ ದೋಣಿ. ಅದನ್ನು ಕೊಳ್ಳುವ ಮೊದಲು ಇಳಿಸುವ ಜಾಗ ನೋಡೋಣವೆಂದು ಭಾನುವಾರಗಳಲ್ಲಿ ಹೊರಟೆವು.

ಮೊದಲು ಜಮಖಂಡಿ ಬಳಿಯ ಚಿಕ್ಕಪಡಸಲಗಿ. 1989ರಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಕಟ್ಟಿದ ಬ್ಯಾರೇಜ್ ಇಲ್ಲಿದೆ. ಹೆಸರು ಶ್ರಮಬಿಂದು ಸಾಗರ. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದರು. ನೀರು ಕನ್ನಡಿಯಂತಿದ್ದರೂ ಗೇಟಿನ ಬಳಿಯ ಸೆಳೆತ ಕಣ್ಣಿಗೆ ಕಾಣದು. ಅದರ ಹತ್ತಿರ ದೋಣಿ ಬೇಡ.

ರಬಕವಿಯಿಂದ ಆಚೆ ದಡದ ಮಹಿಷವಾಡಗಿಗೆ ಜನ ದೋಣಿಯಲ್ಲಿ ದಾಟುವ ರೂಢಿಯುಂಟು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು, “ಮೊಸಳಿ ಬಂದು ಮಲಗ್ತಾವ್ರೀ ಅಕ್ಕಾರ, ನೋಡ್ಕೊಂಡು ಇಳೀರಿ” ಎಂದರು.

ಮುಧೋಳದಲ್ಲಿ ಹರಿಯುವುದು ಘಟಪ್ರಭೆ. ಮಳೆಗಾಲದಲ್ಲಿ ಹಿಡಕಲ್ ಅಣೆಕಟ್ಟೆಯಿಂದ ನೀರು ಬಿಟ್ಟರೆ ನದಿ ಉಕ್ಕುತ್ತದೆ. ಆಗ ಇಳಿಯುವ ಮಾತೇ ಇಲ್ಲ.

ಕೊನೆಗೆ ಬೀಳಗಿ ಕಡೆಯ ಆಲಮಟ್ಟಿ ಹಿನ್ನೀರು. ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಊರು, ಹೊಲಗಳನ್ನು ಮುಳುಗಿಸಿ ನಿಂತ ನೀರಿದು. ಗಾಳಿ ಎದ್ದರೆ ಅಲೆಯೂ ಏಳುತ್ತದೆ.

ಮಕ್ಕಳೇ, ನೀರಿಗಿಳಿಯುವ ಮುನ್ನ ಮೂರು ಮಾತು ಕೇಳಬೇಕು: ಗೇಟು ಎಷ್ಟು ದೂರ? ಮೊಸಳೆ ಎಲ್ಲಿ? ಮೇಲಿನಿಂದ ನೀರು ಯಾವಾಗ ಬರುತ್ತದೆ? ಉತ್ತರ ದಂಡೆಯ ಜನರಲ್ಲಿದೆ. ಲೈಫ್ ಜಾಕೆಟ್ಟು, ಅನುಮತಿ, ಜೊತೆಗೊಬ್ಬ ಅಂಬಿಗ, ಇವು ಆಮೇಲಿನವು. ನಮ್ಮ ಕಯಾಕ್ ಇನ್ನೂ ಬಂದಿಲ್ಲ. ಆದರೆ ನಾಲ್ಕೂರಿನ ನೀರಿನ ಗುಣ ತಿಳಿಯಿತು.