ಗೋಪುರವಿಲ್ಲದ ಊರಿನಲ್ಲಿ ಕಾಲ್ನಡಿಗೆ

ಫ್ಲಾರೆನ್ಸಿನಲ್ಲಿ ನಡೆದು ಊರು ನೋಡುವವರಿಗೆ ದಾರಿ ತಪ್ಪುವ ಭಯವಿಲ್ಲ. ಯಾವ ಗಲ್ಲಿಗೆ ನುಗ್ಗಿದರೂ ಬ್ರುನೆಲೆಸ್ಕಿ ಕಟ್ಟಿದ, 1436ರಲ್ಲಿ ಮುಗಿದ ಕೆಂಪು ಗುಮ್ಮಟ ಯಾವುದೋ ಮಾಡಿನಾಚೆಯಿಂದ ಇಣುಕಿ ದಿಕ್ಕು ಹೇಳುತ್ತದೆ. ಮೌಂಟನ್ ವ್ಯೂನಲ್ಲಿ ಆ ಅನುಕೂಲವಿಲ್ಲ. ಸ್ಯಾನ್ ಫ್ರಾನ್ಸಿಸ್ಕೋಗೂ ಸ್ಯಾನ್ ಹೋಸೆಗೂ ನಡುವೆ, ಕೊಲ್ಲಿಯ ಅಂಚಿಗೆ ಅಂಟಿಕೊಂಡ, ಎಂಬತ್ತು ಸಾವಿರ ಚಿಲ್ಲರೆ ಜನರ ಊರು ಅದು. ಎಲ್ಲಿ ನೋಡಿದರೂ ತಗ್ಗು ಮನೆಗಳು, ಆಫೀಸುಗಳು, ಕಾರು ನಿಲ್ಲಿಸುವ ಅಂಗಳಗಳು. ಇಲ್ಲಿ ಕೆಲಸಕ್ಕಿರುವ ಮಕ್ಕಳು ಬೆಂಗಳೂರು, ಮೈಸೂರು, ಶಿವಮೊಗ್ಗಗಳಿಂದ ಬಂದ ಅಪ್ಪ ಅಮ್ಮನನ್ನು ಗೂಗಲ್ ಆಫೀಸಿನ ಮುಂದೆ ನಿಲ್ಲಿಸಿ ಫೋಟೊ ತೆಗೆದು, ಸೀದಾ ಗೋಲ್ಡನ್ ಗೇಟ್ ಸೇತುವೆಯ ಕಡೆ ಕಾರು ತಿರುಗಿಸುತ್ತಾರೆ.

ಕಾರಿನಲ್ಲಿ ಕೂತವರಿಗೆ ಈ ಊರು ಏನನ್ನೂ ಬಿಟ್ಟುಕೊಡುವುದಿಲ್ಲ. ಗಟ್ಟಿ ಬೂಟು, ನೀರಿನ ಬಾಟಲಿ, ಡಬ್ಬಿಯಲ್ಲಿ ಒಂದಿಷ್ಟು ಚಿತ್ರಾನ್ನ ಇಟ್ಟುಕೊಂಡು ಕಾಲ್ನಡಿಗೆಯಲ್ಲಿ ಹೊರಟರೆ ಮಾತ್ರ ಒಂದು ವಿಚಿತ್ರ ಲೆಕ್ಕ ಗೊತ್ತಾಗುತ್ತದೆ. ಇಲ್ಲಿ ಕಟ್ಟಡ ದೊಡ್ಡದಾದಷ್ಟೂ ಅದರ ಪರಿಣಾಮ ಸಣ್ಣದು. ಕಟ್ಟಡ ಸಣ್ಣದಾದಷ್ಟೂ ಅದರ ಪರಿಣಾಮ ದೊಡ್ಡದು.

ನಡಿಗೆಯನ್ನು ರೈಲು ನಿಲ್ದಾಣದಿಂದಲೇ ಶುರು ಮಾಡುವುದು ನ್ಯಾಯ, ಏಕೆಂದರೆ ಊರನ್ನು ಈ ಜಾಗಕ್ಕೆ ಎಳೆದು ತಂದದ್ದು ರೈಲು. ಮೊದಲಿನ ಮೌಂಟನ್ ವ್ಯೂ ಇದ್ದದ್ದು ದಕ್ಷಿಣಕ್ಕೆ, ಎಲ್ ಕಮೀನೊ ರಿಯಲ್ ಹೆದ್ದಾರಿಯ ಪಕ್ಕ, ಕುದುರೆ ಬಂಡಿಗಳು ನಿಲ್ಲುತ್ತಿದ್ದ ಕಟ್ಟೆಯಾಗಿ. 1864ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆಗೆ ಹಳಿ ಬಿದ್ದಾಗ ವ್ಯಾಪಾರವೆಲ್ಲ ಹಳಿಯ ಪಕ್ಕಕ್ಕೆ ಬಂತು. ಹಳಿಯಿಂದ ನೇರ ಹೊರಡುವ ಕ್ಯಾಸ್ಟ್ರೊ ಬೀದಿಗೆ ಇಲ್ಲಿನ ಹಳೆಯ ಜಮೀನ್ದಾರಿ ಮನೆತನದ ಹೆಸರು. ಕ್ಯಾಲಿಫೋರ್ನಿಯಾ ಮೆಕ್ಸಿಕೋದ ಕೈಯಲ್ಲಿದ್ದಾಗ, 1842ರಲ್ಲಿ, ಉಂಬಳಿಯಾಗಿ ಸಿಕ್ಕ ಕುರಿಗಾವಲಿನ ಒಡೆಯರಾಗಿದ್ದವರು ಅವರು. ಅದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಇದು ಓಲೋನಿ ಜನರ ನೆಲ. ಅವರು ಬಿಟ್ಟುಹೋದ ಚಿಪ್ಪಿನ ದಿಬ್ಬವೂ ಊರಿನಲ್ಲಿತ್ತು. ಅದನ್ನು ಅಗೆದು ತೋಟಗಳಿಗೆ ಮಣ್ಣಾಗಿ ಮಾರಿಬಿಟ್ಟರು.

ಕ್ಯಾಸ್ಟ್ರೊ ಬೀದಿಯ ಮೊದಲ ಕೆಲವು ತಿರುವುಗಳಲ್ಲಿ ಈಗ ಕಾರುಗಳಿಗೆ ಪ್ರವೇಶವಿಲ್ಲ. ಕೊರೊನಾ ಕಾಲದಲ್ಲಿ ಹೋಟೆಲುಗಳು ರಸ್ತೆಗೇ ಕುರ್ಚಿ ಹಾಕಿದವು. ಜನಕ್ಕೆ ರುಚಿ ಹತ್ತಿತು. ನಗರಸಭೆ ಅದನ್ನೇ ಕಾಯಂ ಮಾಡಿತು. ದೋಸೆಯ ಹೊಗೆ, ಕೊರಿಯಾದ ಸುಟ್ಟ ಮಾಂಸ, ವಿಯೆಟ್ನಾಮಿನ ಸಾರು, ಎಲ್ಲದರ ವಾಸನೆ ಒಂದೇ ಬೀದಿಯಲ್ಲಿ. ವಿಲ್ಲಾ ಸ್ಟ್ರೀಟಿನ ಮೂಲೆಯಲ್ಲಿರುವ ಕಾಫಿ ಅಂಗಡಿ 1905ರಲ್ಲಿ ರೈತರ ಮತ್ತು ವರ್ತಕರ ಬ್ಯಾಂಕಿಗಾಗಿ ಕಟ್ಟಿದ ಕಟ್ಟಡದಲ್ಲಿದೆ. ಅಂದು ರೈತರು ಹಣ್ಣಿನ ದುಡ್ಡು ಕಟ್ಟಲು ಬರುತ್ತಿದ್ದ ಜಾಗದಲ್ಲಿ ಇಂದು ಹುಡುಗರು ಲ್ಯಾಪ್‌ಟಾಪ್ ತೆರೆದು ಕೂತಿರುತ್ತಾರೆ. ಇನ್ನೂ ಮುಂದೆ, ನಗರಸಭೆಯ ಕಚೇರಿ ದಾಟಿದರೆ ಪಯನಿಯರ್ ಪಾರ್ಕ್. ಮಕ್ಕಳು ಚೆಂಡಾಡುವ ಈ ಹುಲ್ಲುಹಾಸು ಒಂದು ಕಾಲಕ್ಕೆ ಊರಿನ ಸ್ಮಶಾನ. ಪಕ್ಕದಲ್ಲೇ ಸಾರ್ವಜನಿಕ ಗ್ರಂಥಾಲಯ. ಊರಿನ ಹಳೆಯ ಚಿತ್ರಗಳನ್ನು, ನಕ್ಷೆಗಳನ್ನು ನೋಡಬೇಕೆನ್ನುವವರು ಇಲ್ಲಿ ಅರ್ಧ ಗಂಟೆ ಕೂತು ಮುಂದೆ ಹೋಗಬಹುದು.

ಊರಿನ ನಿಜವಾದ ಯಾತ್ರಾಸ್ಥಳ ಪಶ್ಚಿಮದ ಅಂಚಿನಲ್ಲಿ, 391 ಸ್ಯಾನ್ ಆಂಟೋನಿಯೊ ರಸ್ತೆಯಲ್ಲಿದೆ. ನಡೆಯಲಾರದವರು ಒಂದು ಸ್ಟೇಷನ್ ರೈಲಿನಲ್ಲಿ ಹೋಗಬಹುದು. ಇಲ್ಲಿದ್ದದ್ದು ಒಂದು ಸಾದಾ ಶೆಡ್. ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ 1956ರಲ್ಲಿ ಈ ಶೆಡ್ಡಿನಲ್ಲಿ ಪ್ರಯೋಗಾಲಯ ತೆರೆದರು. ಆಗ ಹೆಚ್ಚಿನವರು ಜರ್ಮೇನಿಯಂ ಹಿಂದೆ ಬಿದ್ದಿದ್ದರೆ ಶಾಕ್ಲಿ ಸಿಲಿಕಾನ್ ಹಿಡಿದರು. ಅದೇ ವರ್ಷ ನೊಬೆಲ್ ಕೂಡ ಬಂತು. ಆದರೆ ಆಳುವ ಕಲೆ ಅವರಿಗೆ ಒಲಿದಿರಲಿಲ್ಲ. ಕೈಕೆಳಗಿನವರನ್ನು ನಂಬುತ್ತಿರಲಿಲ್ಲ, ಸುಳ್ಳು ಪತ್ತೆ ಯಂತ್ರದ ಮುಂದೆ ಕೂರಿಸಲು ಹೊರಟರು. 1957ರಲ್ಲಿ ಎಂಟು ಮಂದಿ ತರುಣರು ಒಟ್ಟಿಗೆ ಕೆಲಸ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ ಇದ್ದರು. ಇವರಿಬ್ಬರೇ ಮುಂದೆ 1968ರಲ್ಲಿ ಇಂಟೆಲ್ ಆರಂಭಿಸಿದರು, ಅದೂ ಇದೇ ಊರಿನಲ್ಲಿ. ಶಾಕ್ಲಿ ಕೊನೆಗಾಲದಲ್ಲಿ ಜನಾಂಗಗಳ ಬುದ್ಧಿಯ ಬಗ್ಗೆ ಹೇಯವಾದ ವಾದಗಳನ್ನು ಹಬ್ಬಿಸುತ್ತ ಹೆಸರು ಕೆಡಿಸಿಕೊಂಡರು. ಶೆಡ್ ಒಂದು ಕಾಲಕ್ಕೆ ಹಣ್ಣು ತರಕಾರಿ ಮಾರುವ ಅಂಗಡಿಯೂ ಆಗಿ, ಕಡೆಗೆ ನೆಲಸಮವಾಯಿತು.

ಈಗ ಅಲ್ಲಿ ಗಾಜಿನ ಆಫೀಸು. ಕಾಲುದಾರಿಯ ಮೇಲೆ 2018ರಲ್ಲಿ ನಿಲ್ಲಿಸಿದ ಲೋಹದ ಶಿಲ್ಪಗಳಿವೆ: ಉಗುರಿನಷ್ಟಿದ್ದ ಡಯೋಡು, ಟ್ರಾನ್ಸಿಸ್ಟರುಗಳನ್ನು ಆಳೆತ್ತರ ಮೀರುವಂತೆ ಹಿಗ್ಗಿಸಿ ಮಾಡಿದ ರೂಪಗಳು. ಕೆಳಗೆ ಫಲಕ. ಬಸ್ಸಿಗೆ ಕಾದಿದ್ದ ಹುಡುಗನೊಬ್ಬ ಟ್ರಾನ್ಸಿಸ್ಟರಿನ ಕಾಲಿಗೆ ಬೆನ್ನು ಕೊಟ್ಟು ಫೋನು ನೋಡುತ್ತಿದ್ದ. ಆ ಫೋನಿನೊಳಗೆ ಇಂಥವು ಕೋಟಿಗಟ್ಟಲೆ ಇವೆ. ಸ್ಮಾರಕವನ್ನು ಜೇಬಿನಲ್ಲೇ ಇಟ್ಟುಕೊಂಡವನು ತಲೆ ಎತ್ತಿ ಯಾಕೆ ನೋಡಬೇಕು!

ಊರಿನ ಉಚಿತ ಶಟಲ್ ಬಸ್ ಹತ್ತಿ ಉತ್ತರಕ್ಕೆ ಬಂದರೆ ಶೋರ್‌ಲೈನ್ ರಸ್ತೆಯಲ್ಲಿ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ. ಮಣಿಚೌಕಟ್ಟಿನಿಂದ ಹಿಡಿದು ಗೂಗಲ್‌ನ ಮೊದಮೊದಲ ಸರ್ವರುಗಳವರೆಗೆ ಎಲ್ಲವೂ ಇವೆ. ನೋಡಲೇಬೇಕಾದದ್ದು ಐಬಿಎಂ 1401 ಇರುವ ಕೋಣೆ. 1959ರಲ್ಲಿ ಮಾರುಕಟ್ಟೆಗೆ ಬಂದು ಹತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಯಂತ್ರವನ್ನು ನಿವೃತ್ತ ಎಂಜಿನಿಯರುಗಳು ವರ್ಷಗಟ್ಟಲೆ ಕೂತು ರಿಪೇರಿ ಮಾಡಿದ್ದಾರೆ. ಗೊತ್ತಾದ ದಿನಗಳಲ್ಲಿ ಅದನ್ನು ನಡೆಸಿ ತೋರಿಸುವವರೂ ಅವರೇ. ಒಬ್ಬ ಹಿರಿಯರು ನನ್ನನ್ನು ಕಾರ್ಡು ಕೊರೆಯುವ ಯಂತ್ರದ ಕೀಲಿಮಣೆಯ ಮುಂದೆ ಕೂರಿಸಿ ಹೆಸರು ಒತ್ತಲು ಹೇಳಿದರು. ಒಂದೊಂದು ಅಕ್ಷರಕ್ಕೂ ಯಂತ್ರ ಖಟ್ ಎಂದು ದಪ್ಪ ಕಾಗದದ ಕಾರ್ಡನ್ನು ಕೊರೆದು ಒಂದು ಕಂಬಸಾಲು ಮುಂದೆ ಸರಿಸುತ್ತದೆ. ಕಾರ್ಡಿನಲ್ಲಿ 80 ಕಂಬಸಾಲು, ಸಾಲಿಗೆ 12 ಮನೆ, ಇಂಗ್ಲಿಷಿನ ಒಂದು ಅಕ್ಷರಕ್ಕೆ ಎರಡು ತೂತು. ಕಾರ್ಡನ್ನು ಬೆಳಕಿಗೆ ಹಿಡಿದರೆ ಹೆಸರು ತೂತುಗಳ ಸಾಲಾಗಿ ಹೊಳೆಯುತ್ತದೆ. ಆ ಕೀಲಿಮಣೆಯಲ್ಲಿರುವುದು ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ. ಕನ್ನಡದ ಹೆಸರು ಕೂಡ ಅದೇ ವೇಷದಲ್ಲಿ ಒಳಗೆ ಹೋಗಬೇಕು.

ಮ್ಯೂಸಿಯಂನಿಂದ ಉತ್ತರಕ್ಕೆ ನಡೆದಷ್ಟೂ ಗೂಗಲ್ ಕಟ್ಟಡಗಳು. ಅದರ ಹಳೆಯ ಮುಖ್ಯ ಕಚೇರಿ ಸಿಲಿಕಾನ್ ಗ್ರಾಫಿಕ್ಸ್ ಎಂಬ ಕಂಪನಿಯದಾಗಿತ್ತು, ಮ್ಯೂಸಿಯಂ ಕಟ್ಟಡವೂ ಅವರದೇ. ಒಬ್ಬರ ಗೂಡಿನಲ್ಲಿ ಇನ್ನೊಬ್ಬರು ಮೊಟ್ಟೆ ಇಡುವುದು ಇಲ್ಲಿನ ರೂಢಿ. ಅದೂ ದಾಟಿದರೆ ಶೋರ್‌ಲೈನ್ ಪಾರ್ಕ್: ಕೊಳ, ಗುಡ್ಡ, ಬೆಳ್ಳಕ್ಕಿ, ಗಾಳಿಪಟ. ಗುಡ್ಡಗಳು ಮಾತ್ರ ದೇವರು ಮಾಡಿದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕಸ ತಂದು ಸುರಿದು ಮಾಡಿದ್ದು. 1986ರಲ್ಲಿ ಪಕ್ಕದಲ್ಲಿ ಬಯಲು ಸಂಗೀತ ರಂಗ ತೆರೆದಾಗ, ಹುಲ್ಲಿನ ಮೇಲೆ ಕೂತವರು ಕಡ್ಡಿ ಗೀರಿದರೆ ಅಡಿಯ ಕಸದಿಂದ ಏಳುತ್ತಿದ್ದ ಮೀಥೇನ್ ಭಗ್ಗೆನ್ನುತ್ತಿತ್ತು. ಆಮೇಲೆ ಹುಲ್ಲಿನಡಿಯ ನೆಲವನ್ನೇ ಸರಿಪಡಿಸಬೇಕಾಯಿತು.

ಇದೇ ಪಾರ್ಕಿನಲ್ಲಿ ಇಟಲಿಯ ಒಂದು ತುಣುಕೂ ಇದೆ. ಚಿನ್ನದ ಹುಚ್ಚಿನ ಕಾಲಕ್ಕೆ, 1850ರಲ್ಲಿ ಜರ್ಮನಿಯಿಂದ ಬಂದು, ಹೊಲದಲ್ಲಿ ಕೂಲಿ ಮಾಡಿ, ಕೊನೆಗೆ ಜಮೀನ್ದಾರನೂ ದೋಣಿಕಟ್ಟೆಯ ಒಡೆಯನೂ ಆದ ಹೆನ್ರಿ ರೆಂಗ್‌ಸ್ಟಾರ್ಫ್ 1867ರ ಸುಮಾರಿಗೆ ಕಟ್ಟಿಸಿದ ಮನೆ. ಆಗ ಅಮೆರಿಕದ ಉಳ್ಳವರಲ್ಲಿ ಇಟಲಿಯ ಬಂಗಲೆಗಳನ್ನು ಹೋಲುವ ಮನೆ ಕಟ್ಟಿಸುವ ಶೋಕಿಯಿತ್ತು. ಎತ್ತರದ ಕಿಟಕಿ, ಕೆತ್ತಿದ ಸೂರಂಚು, ನೆತ್ತಿಯಲ್ಲಿ ಕಟಾಂಜನ, ಎಲ್ಲವೂ ಮರದ್ದು. 1986ರಲ್ಲಿ ಇಡೀ ಮನೆಯನ್ನು ಎತ್ತಿ ಇಲ್ಲಿಗೆ ತಂದಿಟ್ಟರು. ಊರಿನಲ್ಲಿ ಉಳಿದ ಅತಿ ಹಳೆಯ ಮನೆ ಎಂಬ ಗೌರವ ಇದಕ್ಕೆ. ನೋಡಲು ಚೆಂದ, ಇದರಿಂದ ಪ್ರಪಂಚಕ್ಕೇನೂ ಆಗಲಿಲ್ಲ.

ಸ್ಟೀವನ್ಸ್ ಕ್ರೀಕ್ ಎಂಬ ಹಳ್ಳದ ಗುಂಟ ಊರಿನ ಕಡೆಗೆ ಮರಳುವ ಕಾಲುದಾರಿ ಈ ನಡಿಗೆಯ ಅತಿ ಸುಖದ ಭಾಗ. ನೀಲಗಿರಿ ಮರಗಳ ವಾಸನೆ, ಅಳಿಲುಗಳ ಓಡಾಟ, ಗಂಟೆ ಬಾರಿಸಿ ದಾಟುವ ಸೈಕಲ್ಲುಗಳು. ಎಡಗಡೆ, ಪೂರ್ವಕ್ಕೆ, ಮನುಷ್ಯರು ಕಟ್ಟಿದ್ದು ಎಂದು ಥಟ್ಟನೆ ನಂಬಲಾಗದ ಒಂದು ಗುಡ್ಡ ಎದ್ದು ನಿಲ್ಲುತ್ತದೆ. ಮಾಫೆಟ್ ವಿಮಾನನೆಲೆಯ ಹ್ಯಾಂಗರ್ ಒನ್ ಅದು. 345 ಮೀಟರ್ ಉದ್ದ, 94 ಮೀಟರ್ ಅಗಲ, 60 ಮೀಟರ್ ಎತ್ತರ. ವಿಜಯಪುರದ ಗೋಳಗುಮ್ಮಟವನ್ನು ಒಳಗಿಟ್ಟರೂ ನೆತ್ತಿ ತಾಗದು. ಒಂದಲ್ಲ, ಸಾಲಾಗಿ ನಾಲ್ಕೈದು ಇಡಬಹುದು.

ಅಲ್ಲೇ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗನ ಹಳೆಯ ಬೂಟು ಹಾಕಿಕೊಂಡು ಬರುತ್ತಿದ್ದ ಹಿರಿಯರೊಬ್ಬರು ನನ್ನನ್ನು ನೋಡಿ ನಿಂತರು.

"ಕನ್ನಡದೋರಾ ನೀವು?"

"ಹೌದಮ್ಮ."

"ಅಂದ್ಕೊಂಡೆ. ದಿನಾ ಇದನ್ನ ನೋಡ್ಕೊಂಡು ಹೋಗ್ತೀನಿ ಕಣ್ರೀ. ಒಳಗೇನಿದೆ ಅಂದ್ರೆ ನಮ್ಮ ಹುಡುಗನಿಗೂ ಗೊತ್ತಿಲ್ಲ."

ಒಳಗಿದ್ದದ್ದು ಯುಎಸ್‌ಎಸ್ ಮೇಕನ್ ಎಂಬ ಹಾರುವ ಹಡಗು ಎಂದೆ. 239 ಮೀಟರ್ ಉದ್ದದ, ಹೀಲಿಯಂ ತುಂಬಿದ ವಾಯುನೌಕೆ. ಹೊಟ್ಟೆಯಲ್ಲಿ ಪುಟ್ಟ ವಿಮಾನಗಳನ್ನು ಇಟ್ಟುಕೊಂಡು, ಆಕಾಶದಲ್ಲೇ ಅವನ್ನು ಕೊಕ್ಕೆಯಿಂದ ಇಳಿಬಿಟ್ಟು ಮತ್ತೆ ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಿತ್ತು. ಅದಕ್ಕೊಂದು ಮನೆ ಬೇಕೆಂದು ಅಮೆರಿಕದ ನೌಕಾಪಡೆ ಇಷ್ಟು ದೊಡ್ಡದನ್ನು ಕಟ್ಟಿತು. ಈ ಯೋಜನೆಯ ಬೆನ್ನೆಲುಬಾಗಿದ್ದ ಅಡ್ಮಿರಲ್ ಮಾಫೆಟ್ 1933ರ ಏಪ್ರಿಲ್‌ನಲ್ಲಿ ಇದರ ಜೋಡಿ ನೌಕೆ ಆಕ್ರನ್ ಸಮುದ್ರಕ್ಕೆ ಬಿದ್ದಾಗ ಸತ್ತರು. ಮೇಕನ್ ಅದೇ ಅಕ್ಟೋಬರಿನಲ್ಲಿ ಇಲ್ಲಿಗೆ ಬಂತು. 1935ರ ಫೆಬ್ರವರಿಯಲ್ಲಿ ಬಿರುಗಾಳಿಗೆ ಬಾಲ ಮುರಿದು ಪೆಸಿಫಿಕ್ ಸಾಗರದ ಪಾಲಾಯಿತು.

"ಎರಡು ವರ್ಷಾನೂ ಇರ್ಲಿಲ್ವಾ? ಅಯ್ಯೋ, ಇಷ್ಟು ದೊಡ್ಡ ಮನೆ ಕಟ್ಟಿಸಿ!" ಎಂದು ಗದ್ದಕ್ಕೆ ಕೈಯಿಟ್ಟುಕೊಂಡರು. ಹ್ಯಾಂಗರಿನ ಚರಿತ್ರೆಯನ್ನು ಇದಕ್ಕಿಂತ ಚುಟುಕಾಗಿ ಹೇಳಲಾಗದು. ಆಮೇಲೆ ಅದರ ಗೋಡೆಯ ಬಣ್ಣದಲ್ಲಿ, ಹೊದಿಕೆಯಲ್ಲಿ ವಿಷವಿದೆ ಎಂದು ತಿಳಿದು ಹೊದಿಕೆಯನ್ನೆಲ್ಲ ಕಿತ್ತರು. ಬರೀ ಎಲುಬುಗೂಡು ವರ್ಷಗಟ್ಟಲೆ ನಿಂತಿತ್ತು. ಗೂಗಲ್‌ನ ಅಂಗಸಂಸ್ಥೆ ನೆಲೆಯನ್ನು 60 ವರ್ಷಕ್ಕೆ ಗುತ್ತಿಗೆ ಹಿಡಿದ ಮೇಲೆ ಅದರ ಜೀರ್ಣೋದ್ಧಾರಕ್ಕೆ ದಾರಿಯಾಯಿತು.

ಕಾಲುದಾರಿಯಿಂದ ಮಿಡಲ್‌ಫೀಲ್ಡ್ ರಸ್ತೆಗೆ ಹತ್ತಿದರೆ ಕಣ್ಣಿಗೆ ಏನೂ ಕಾಣದ, ಆದರೆ ಅತಿ ಮುಖ್ಯವಾದ ಪೇಟೆ. 365 ಈಸ್ಟ್ ಮಿಡಲ್‌ಫೀಲ್ಡ್ ಇಂಟೆಲ್‌ನ ಮೊದಲ ವಿಳಾಸ. ಸನಿಹದಲ್ಲಿ ಫೇರ್‌ಚೈಲ್ಡ್ ಕಾರ್ಖಾನೆಗಳಿದ್ದವು. ವಾಕರ್ಸ್ ವ್ಯಾಗನ್ ವೀಲ್ ಎಂಬ ಹೆಂಡದಂಗಡಿಯಲ್ಲಿ ಪೈಪೋಟಿಯ ಕಂಪನಿಗಳ ಎಂಜಿನಿಯರುಗಳು ಸಂಜೆ ಒಂದೇ ಮೇಜಿಗೆ ಕೂತು, ಹಗಲೆಲ್ಲ ಮುಚ್ಚಿಟ್ಟಿದ್ದನ್ನು ಬಾಯಿಬಿಡುತ್ತಿದ್ದರು. ಅದೂ ಈಗಿಲ್ಲ. ಉಳಿದದ್ದು ನೆಲದಡಿಯಲ್ಲಿದೆ: ಚಿಪ್ ತೊಳೆಯಲು ಬಳಸಿದ ಟ್ರೈಕ್ಲೋರೋಎಥಿಲೀನ್ ತೊಟ್ಟಿಗಳಿಂದ ಸೋರಿ ಅಂತರ್ಜಲ ಸೇರಿತು. ಅಮೆರಿಕದ ಪರಿಸರ ಸಂಸ್ಥೆ ಈ ಪ್ರದೇಶವನ್ನು ವಿಷ ಸೇರಿದ ನೆಲಗಳ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು. ದಶಕಗಳಿಂದ ನೀರೆತ್ತಿ ಶುದ್ಧ ಮಾಡುವ ಕೆಲಸ ನಡೆದೇ ಇದೆ. ಚಿಪ್ಪಿನ ಕಾರ್ಖಾನೆಗಳಿಗೆ ಕೆಂಪುಗಂಬಳಿ ಹಾಸಲು ಹೊರಟಿರುವ ನಮ್ಮ ಸರ್ಕಾರಗಳು ತಪ್ಪದೆ ನೋಡಬೇಕಾದ ಸ್ಥಳ ಇದು.

ನಡಿಗೆ ಮತ್ತೆ ಕ್ಯಾಸ್ಟ್ರೊ ಬೀದಿಗೆ ಬಂದು ಸೇರುತ್ತದೆ. ಕನ್ನಡದವರು ಕೇಳಬೇಕಾದ ಇನ್ನೊಂದು ವಿಳಾಸ ಈ ಊರಿನ ಲೆಕ್ಕದಲ್ಲಿದೆ. ಅದಕ್ಕೆ ಕಟ್ಟಡವೇ ಇಲ್ಲ. ಪ್ರಪಂಚದ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ನಿಗದಿ ಮಾಡುವ ಯೂನಿಕೋಡ್ ಕನ್ಸಾರ್ಷಿಯಂ 1991ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾಯಿತು. ಬಹುಕಾಲ ಅದರ ವಿಳಾಸ ಮೌಂಟನ್ ವ್ಯೂನ ಒಂದು ಅಂಚೆ ಪೆಟ್ಟಿಗೆ, ಅಷ್ಟೆ. ಅದೇ ವರ್ಷ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಜಾಗ ಸಿಕ್ಕಿತು. ಭಾರತೀಯ ಲಿಪಿಗಳಿಗಾಗಿ ನಮ್ಮಲ್ಲೇ ರೂಪಿಸಿದ್ದ ಇಸ್ಕಿ ಸಂಕೇತಗಳು ಅದಕ್ಕೆ ಆಧಾರ. 'ಅ'ಕಾರಕ್ಕೆ 0ಸಿ85, 'ಕ'ಕಾರಕ್ಕೆ 0ಸಿ95.

ಸಂಖ್ಯೆ ಸಿಕ್ಕಿತೆಂದು ಮಾರನೇ ದಿನವೇ ಎಲ್ಲ ಸರಿಹೋಗಲಿಲ್ಲ. ಬರಹ, ನುಡಿ ತಂತ್ರಾಂಶಗಳಲ್ಲಿ ಟೈಪು ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿದ್ದ ಕಾಲ ಪತ್ರಿಕಾ ಕಚೇರಿಯಲ್ಲಿ ದುಡಿದವರಿಗೆಲ್ಲ ನೆನಪಿದೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬೆರಳಿಗೆ ಕನ್ನಡದ ಹಾದಿ ತೋರಿಸಿದರೆ, ಯೂನಿಕೋಡ್ ಆ ಅಕ್ಷರ ಯಾವ ಯಂತ್ರಕ್ಕೆ ಹೋದರೂ ಅದೇ ಅಕ್ಷರವಾಗಿ ಉಳಿಯುವಂತೆ ಮಾಡಿತು. ಊರಿನಿಂದ ಅಮ್ಮ ವಾಟ್ಸಾಪಿನಲ್ಲಿ ಕನ್ನಡದಲ್ಲಿ ಬೈದರೆ ಇಲ್ಲಿನ ಮಗನಿಗೆ ಅದು ಅಕ್ಷರ ತಪ್ಪದೆ ತಲುಪುವುದು ಇದರಿಂದ. ಕನ್ಸಾರ್ಷಿಯಂ ಈಗ ವಿಳಾಸ ಬದಲಿಸಿದೆ. ಹ್ಯಾಂಗರಿಗೆ ಸುರಿದ ಹಣದ ಒಂದು ಚೂರೂ ಈ ಅಕ್ಷರದ ಕೆಲಸಕ್ಕೆ ಬೇಕಾಗಿರಲಿಲ್ಲ. ಫ್ಲಾರೆನ್ಸಿನ ಗುಮ್ಮಟ ಕಣ್ಣಿಗೆ ಕಂಡದ್ದರಿಂದ ದೊಡ್ಡದಾಯಿತು. ಮೌಂಟನ್ ವ್ಯೂನ ದೊಡ್ಡ ಕೆಲಸಗಳು ಕಣ್ಣಿಗೆ ಬೀಳದಷ್ಟು ಬಳಕೆಯಾಗಿ ದೊಡ್ಡವಾದವು. ಅಂಥ ಊರನ್ನು ನೋಡಲು ಕ್ಯಾಮೆರಾಕ್ಕಿಂತ ಕಾಲು ಮುಖ್ಯ, ಕಾಲಿಗಿಂತ ಮೊದಲು ಓದಿಕೊಂಡು ಹೋಗುವುದು ಮುಖ್ಯ.