ಉಣ್ಣೋ ಕೈ ಕಡೆ ನೋಡು

6 ಜನವರಿ 2025, ಸೋಮವಾರ
ಜನವರಿ ಬಂತೆಂದರೆ ರಸ್ತೆ ಸುರಕ್ಷತಾ ಮಾಸ. ಪ್ರಾರ್ಥನೆ ಮುಗಿದ ಮೇಲೆ ಘೋಷಣೆ ಕೂಗಿಸಿದ್ದಾಯಿತು. ‘ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ’ ಅಂತ ನಲಿ-ಕಲಿ ಮಕ್ಕಳು ಗಂಟಲು ಹರಿಯುವಂತೆ ಒದರಿದವು. ಬಲಗೈ ಎತ್ತಿರಿ ಅಂದೆ. ಅರ್ಧಕ್ಕರ್ಧ ಎಡಗೈ ಮೇಲೆದ್ದವು! ‘ಉಣ್ಣೋ ಕೈ ಯಾವುದು?’ ಅಂದ ಮೇಲೆ ತಕ್ಷಣ ಸರಿಪಡಿಸಿಕೊಂಡವು. ಇನ್ನು ನಮ್ಮ ಘೋಷಣೆ ‘ಉಣ್ಣೋ ಕೈ ಕಡೆ ಮೊದಲು ನೋಡು’.

8 ಜನವರಿ, ಬುಧವಾರ
ಶಾಲೆ ಬಿಟ್ಟ ಮೇಲೆ ಮೂರನೇ ತರಗತಿಯವರನ್ನು ಮಹಾಗಾಂವ ಕ್ರಾಸಿಗೆ ಕರೆದೊಯ್ದೆವು. ಹುಮನಾಬಾದ್ ರಸ್ತೆಯಿಂದ ದೂರ ಸಾಲಾಗಿ ನಿಲ್ಲಿಸಿ, ‘ಈಗ ದಾಟಬಹುದಾ?’ ಅಂತ ಕೇಳುವ ಆಟ. ಲಾರಿ ಕಂಡರೆ ಎಲ್ಲರೂ ‘ಬ್ಯಾಡ್ರಿ’. ಹಿಂದೆ ಬರುತ್ತಿದ್ದ ಬೈಕು ಕಂಡರೆ ‘ಸಣ್ಣದೈತ್ರಿ, ದೂರ ಐತಿ’. ಲಾರಿಯನ್ನು ಹಿಂದಿಕ್ಕಿ ಮೊದಲು ಬಂದದ್ದು ಆ ಬೈಕೇ. ದೊಡ್ಡದು ಹತ್ತಿರ, ಸಣ್ಣದು ದೂರ ಎಂಬುದು ಅವರ ಕಣ್ಣಿನ ಲೆಕ್ಕ. ವೇಗ ಅಳೆಯುವ ಅಂದಾಜು ಒಂಬತ್ತು-ಹತ್ತು ವರ್ಷದವರೆಗೂ ಸರಿಯಾಗಿ ಕೂಡುವುದಿಲ್ಲ. ಬೈದು ಏನು ಉಪಯೋಗ?
ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. 7 ಮೀಟರ್ ಅಗಲದ ರಸ್ತೆ ದಾಟಲು ಮಗುವಿಗೆ ಏಳು ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಆ ಗಾಡಿ 120 ಮೀಟರ್‌ನಷ್ಟು ಬಂದಿರುತ್ತದೆ. ಈ ಲೆಕ್ಕ ಮಾಡಬೇಕಾದವರು ನಾವು. ಈ ವಯಸ್ಸಿನವರಿಗೆ ಅಂಚಿನಲ್ಲಿ ನಿಲ್ಲುವುದು, ದೊಡ್ಡವರನ್ನು ಕರೆಯುವುದು ಬಂದರೆ ಸಾಕು.

10 ಜನವರಿ, ಶುಕ್ರವಾರ
ಕಬ್ಬಿನ ಕಾಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಹಿಂದೆ ಕೆಂಪು ದೀಪ ಇರುವುದೇ ಅಪರೂಪ. ತಿರುವಿನಲ್ಲಿ ವೇಗ ತಗ್ಗುತ್ತಲೇ ಹುಡುಗರು ಓಡಿಹೋಗಿ ಕಬ್ಬು ಜಗ್ಗುತ್ತಾರೆ. ಜಲ್ಲೆ ಬಿಗಿಯಾಗಿದ್ದರೆ ಬಿಡದೆ ಜೊತೆಗೇ ಓಡುತ್ತಾರೆ, ಕಾಲು ಗಾಲಿಯ ಪಕ್ಕದಲ್ಲೇ.
ಅಂಗಳದಲ್ಲಿ ಸುಣ್ಣದಿಂದ ಟ್ರ್ಯಾಕ್ಟರು, ಟ್ರಾಲಿ ಬರೆದೆ. ಒಬ್ಬನನ್ನು ಡ್ರೈವರ್ ಮಾಡಿ ಮುಂದೆ ಕೂರಿಸಿದೆ, ನಡುವೆ ಕಬ್ಬಿನ ಬದಲು ಎತ್ತರದ ಹುಡುಗರನ್ನು ನಿಲ್ಲಿಸಿದೆ. ಹಿಂದಿನ ಟ್ರಾಲಿಯ ಬಳಿ ಸಣ್ಣವಳೊಬ್ಬಳು.
‘ಆಕಿ ಕಾಣಸ್ತಾಳೇನೋ?’
‘ಇಲ್ರಿ ಟೀಚರ್.’
‘ಕೂಗಿದ್ರ ಕೇಳಸ್ತದಾ?’
ಟೇಪಿನ ಹಾಡು ಜೋರಾಗಿ ಹಚ್ಚಿಕೊಂಡವನಂತೆ ನಟಿಸುತ್ತಾ ಅವನು ತಲೆ ಅಲ್ಲಾಡಿಸಿದ. ಎಲ್ಲರೂ ನಕ್ಕರು. ಆಮೇಲೆ ಸರದಿಯ ಮೇಲೆ ಎಲ್ಲರೂ ಡ್ರೈವರ್ ಆದರು.

11 ಜನವರಿ, ಶನಿವಾರ
ಬೆಳಗಿನ ಶಾಲೆ, ಪಾಲಕರ ಸಭೆ. ಮೂವರು ಮಕ್ಕಳನ್ನು ಒಂದೇ ಬೈಕಿನಲ್ಲಿ ಹೇರಿಕೊಂಡು ಬಂದ ತಂದೆಯೇ ಮೊದಲ ಸಾಲಿನಲ್ಲಿ ಕೂತಿದ್ದರು. 2023ರ ಫೆಬ್ರವರಿಯಿಂದ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ಬೈಕಿನಲ್ಲಿ ಕೂರಿಸಿದರೆ ಹೆಲ್ಮೆಟ್, ಸುರಕ್ಷಾ ಪಟ್ಟಿ ಕಡ್ಡಾಯ; ವೇಗ 40 ಕಿ.ಮೀ. ಮೀರಬಾರದು. ಅಪ್ರಾಪ್ತ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಅಂತಲೂ ಕಾಯ್ದೆಯಲ್ಲಿದೆ. ಓದಿ ಹೇಳಿದೆ.
‘ಊರಾಗ ಯಾರ್ ಹಿಡೀತಾರ್ರಿ?’ ಅಂದರು ಒಬ್ಬರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಗಳೇ ಎದ್ದು, ‘ಅಪ್ಪಾ, ಬಿದ್ರ ತಲಿ ನಮ್ದಲ್ಲ?’ ಅಂದಳು. ಸಭೆ ಸುಮ್ಮನಾಯಿತು.
ಕೈ ಹಿಡಿಯುವುದನ್ನೂ ತೋರಿಸಿಕೊಟ್ಟೆ: ಬೆರಳು ಕೊಟ್ಟರೆ ಮಗು ಕಿತ್ತುಕೊಂಡು ಓಡುತ್ತದೆ, ಮಣಿಕಟ್ಟು ಹಿಡಿಯಬೇಕು, ವಾಹನ ಬರುವ ಕಡೆ ದೊಡ್ಡವರು ಇರಬೇಕು.

16 ಜನವರಿ, ಗುರುವಾರ
ಶಾಲೆ ಬಿಡುವ ಹೊತ್ತಿಗೆ ಕ್ರಾಸಿನಲ್ಲಿ ಸರದಿಯ ಮೇಲೆ ನಿಲ್ಲಲು ಕೆಲವು ಪಾಲಕರು ಒಪ್ಪಿದ್ದಾರೆ. ಸೋಮವಾರದ ಸರದಿಗೆ ಇನ್ನೂ ಯಾರೂ ಸಿಕ್ಕಿಲ್ಲ; ಅವತ್ತು ನಾನೇ ನಿಲ್ಲುತ್ತೇನೆ. ‘ಮುಂದೆ ಶಾಲೆ ಇದೆ’ ಫಲಕಕ್ಕೂ ರಸ್ತೆ ಉಬ್ಬಿಗೂ ಅರ್ಜಿ ಬರೆದಿಟ್ಟಿದ್ದೇನೆ. ನಾಳೆ ಪಾಲಕರ ಸಹಿ ಹಾಕಿಸಬೇಕು. ಬೈಕಿನ ತಂದೆಯದೇ ಮೊದಲ ಸಹಿ.