ಮಂಗಳದ ಹೊತ್ತಿಗೆ ಬಂದವನ ವಿಮರ್ಶೆ

ಸ್ಟೀಫನ್ ಕಿಂಗ್ ಅವರ ‘ದಿ ಡಾರ್ಕ್ ಟವರ್’ ಸರಣಿಯ ಏಳನೆಯ ಸಂಪುಟದಲ್ಲಿ, ಕಥೆ ಇನ್ನೇನು ಮುಗಿಯಿತು ಎನ್ನುವಾಗ ಲೇಖಕರೇ ಎದುರಿಗೆ ಬಂದು ಓದುಗನನ್ನು ತಡೆಯುತ್ತಾರೆ. ಬೇಕಾದರೆ ಇಲ್ಲಿಗೇ ಪುಸ್ತಕ ಮುಚ್ಚಿ, ಗೋಪುರದ ಒಳಗೆ ಏನಿದೆ ಎಂದು ನೋಡಲೇಬೇಕೆಂಬ ಹಟ ಬೇಡ ಎಂಬ ಧಾಟಿಯ ಮಾತು. ಮೊದಲ ಸಂಪುಟ ಬಂದದ್ದು 1982ರಲ್ಲಿ, ಏಳನೆಯದು 2004ರಲ್ಲಿ. ಅಷ್ಟು ವರ್ಷ ಕಾದವರಿಗೆ ಬಾಗಿಲ ಬಳಿ ನಿಂತು ಹೀಗೆ ಹೇಳುವುದಕ್ಕೆ ಧೈರ್ಯ ಬೇಕು. ಈ ಸರಣಿಯನ್ನು ಮುಗಿಸಬೇಕೇ ಬೇಡವೇ ಎಂಬ ಚರ್ಚೆ ಬಂದಲ್ಲೆಲ್ಲ ಈ ಪುಟದ ಮಾತು ಬರುತ್ತದೆ.

ಮೊದಲ ಸಲ ನಾನು ಆ ಪುಟವನ್ನು ನೋಡಲೇ ಇಲ್ಲ. ನಾನು ಪುಸ್ತಕ ತೆರೆದದ್ದು ಹಿಂದಿನಿಂದ.

ಆಗ ನನಗೆ ಮಣಿಪಾಲದಲ್ಲಿ ಕೆಲಸ, ಮನೆ ಕಾಪುವಿನಲ್ಲಿ. ಪರೀಕ್ಷೆ ಮುಗಿಸಿ ಊರಿಗೆ ಹೊರಟ ಹಾಸ್ಟೆಲ್ ಹುಡುಗನೊಬ್ಬ ಚೀಲ ಹಗುರ ಮಾಡಿಕೊಳ್ಳಲು ಮಾರಿದ ಪುಸ್ತಕಗಳಲ್ಲಿ ಡಾರ್ಕ್ ಟವರಿನ ಮೊದಲ ನಾಲ್ಕು ಸಂಪುಟಗಳು ನನ್ನ ಪಾಲಿಗೆ ಬಂದವು. ಉಡುಪಿಯಲ್ಲಿ ಬಸ್ಸು ಬದಲಿಸಿ, ಹೆದ್ದಾರಿಯಲ್ಲಿ ಕಂಡಕ್ಟರನ ಸೀಟಿಯ ನಡುವೆ, ಸಂಜೆ ಬೆಳಕು ಇರುವಷ್ಟು ಹೊತ್ತು ಓದು. ಮೊದಲ ಸಂಪುಟ ಹಿಡಿದು ಕೂರಿಸಿತು. ಮರುಭೂಮಿಯಲ್ಲಿ ಒಬ್ಬ ಬಂದೂಕುಗಾರ, ಅವನ ಹೆಸರು ರೋಲಂಡ್, ಕಪ್ಪು ಬಟ್ಟೆಯವನೊಬ್ಬನ ಬೆನ್ನು ಹತ್ತಿ ಹೋಗುತ್ತಾನೆ. ಲೋಕಗಳೆಲ್ಲ ಒಂದು ಗೋಪುರದ ಆಧಾರದ ಮೇಲೆ ನಿಂತಿವೆ, ಆ ಗೋಪುರ ಕುಸಿಯುತ್ತಿದೆ. ಕಿಂಗ್ ಇದನ್ನು ಬರೆಯಲು ತೊಡಗಿದ್ದು 1970ರಲ್ಲಿ, ಇನ್ನೂ ಕಾಲೇಜು ಹುಡುಗನಾಗಿದ್ದಾಗ. ಬೀಜ ಸಿಕ್ಕಿದ್ದು ರಾಬರ್ಟ್ ಬ್ರೌನಿಂಗ್‌ನ ಒಂದು ಹಳೆಯ ಕವನದಲ್ಲಿ. ಮೂರನೆಯ ಸಂಪುಟ ಮುಗಿಯುವುದು ಹುಚ್ಚು ಹಿಡಿದ ರೈಲೊಂದರ ಒಳಗೆ, ಜೀವ ಪಣಕ್ಕಿಟ್ಟ ಒಗಟಿನ ಪಂದ್ಯ ಆರಂಭವಾಗುವಲ್ಲಿ. ಅಮೆರಿಕದ ಓದುಗರು ಅಲ್ಲಿಂದ ಮುಂದಕ್ಕೆ 1991ರಿಂದ 1997ರವರೆಗೆ ಕಾದಿದ್ದರು. ನನಗೆ ನಾಲ್ಕನೆಯದು ಚೀಲದಲ್ಲೇ ಇತ್ತು.

ಕೈಕೊಟ್ಟದ್ದೂ ಅದೇ. ರೈಲಿನ ಗಂಡಾಂತರ ಮುಗಿದದ್ದೇ ರೋಲಂಡ್ ಬೆಂಕಿಯ ಪಕ್ಕ ಕುಳಿತು ತನ್ನ ಹದಿನಾಲ್ಕನೇ ವಯಸ್ಸಿನ ಪ್ರೇಮದ ಕಥೆ ಹೇಳಲು ತೊಡಗುತ್ತಾನೆ, ನೂರಾರು ಪುಟ. ಗೋಪುರ ಇದ್ದಲ್ಲೇ ಇದೆ, ಇವನು ಹಿಂದಕ್ಕೆ ಹೋಗುತ್ತಿದ್ದಾನೆ! ನನಗೆ ಸಿಟ್ಟು ಬಂತು. ಅರ್ಧಕ್ಕೆ ನಿಲ್ಲಿಸಿದೆ. ಅಲ್ಲಿಗೇ ಬಿಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಸಹೋದ್ಯೋಗಿಯೊಬ್ಬರ ಮನೆಯ ಕಪಾಟಿನಲ್ಲಿ ಏಳನೆಯ ಸಂಪುಟ ಕಂಡಿತು. ಅವರು ಚಹಾ ತರಲು ಒಳಗೆ ಹೋದಾಗ ನಾನು ಕೊನೆಯ ಕೆಲವು ಪುಟ ಓದಿದೆ. ಇಷ್ಟೇಯಾ, ಎನಿಸಿತು. ಚಹಾ ಬರುವಷ್ಟರಲ್ಲಿ ನನ್ನ ತೀರ್ಪು ಸಿದ್ಧವಾಗಿತ್ತು.

ಆ ತೀರ್ಪನ್ನು ನಾನು ಮನಸ್ಸಿನಲ್ಲೇ ಇಟ್ಟುಕೊಳ್ಳಲಿಲ್ಲ. ಪುಸ್ತಕದ ಮಾತು ಬಂದಲ್ಲೆಲ್ಲ, “ಡಾರ್ಕ್ ಟವರಾ? ಏಳು ಸಂಪುಟ ಓದಿ ಮೋಸಹೋಗಬೇಡಿ” ಎಂದೆ. ಏಳು ಓದಿದವನ ದಣಿವು ನನ್ನ ದನಿಯಲ್ಲಿರುತ್ತಿತ್ತು. ಎಷ್ಟು ಓದಿದ್ದೀರಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರಲ್ಲಿ ಇಂಗ್ಲಿಷಿನ ದಪ್ಪ ಪುಸ್ತಕ ಓದುವವನು ಎಂಬ ಹೆಸರು ಇದ್ದುಬಿಟ್ಟರೆ ಇದೊಂದು ಅನುಕೂಲ.

ಕಾರ್ಕಳದಲ್ಲಿ ಅಕ್ಕನ ಮನೆ. ಅವಳ ಮಗ ಆಗ ಇಂಜಿನಿಯರಿಂಗ್ ಓದುತ್ತಿದ್ದ. ನನ್ನ ನಾಲ್ಕು ಸಂಪುಟಗಳನ್ನು ಎರವಲು ಒಯ್ದು ಮೂರನೆಯದರಲ್ಲಿ ಮುಳುಗಿದ್ದ. ಊಟಕ್ಕೆ ಕರೆದರೆ ಓಗೊಡುವುದಿಲ್ಲ ಎಂದು ಅಕ್ಕ ದೂರಿದಳು. ನನಗೆ ಹೆಮ್ಮೆಯೂ ಆಯಿತು, ಏನೋ ಒಂದು ಕಿರಿಕಿರಿಯೂ ಆಯಿತು. ನಾನು ಬಿಟ್ಟದ್ದನ್ನು ಇವನು ಮುಗಿಸಿಬಿಡುತ್ತಾನೆ ಎಂಬ ಕಿರಿಕಿರಿ ಅದು ಎಂದು ಈಗ ಗೊತ್ತಾಗುತ್ತದೆ. “ಅದು ಕೊನೆಗೆ ಏನೂ ಇಲ್ಲ ಮಾರಾಯ” ಎಂದೆ. “ಮಾವ, ಕೊನೆ ಮಾತ್ರ ಹೇಳಬೇಡಿ” ಎಂದು ಅವನು ಕಿವಿಗೆ ಕೈ ಇಟ್ಟ. ಹೇಳದಿದ್ದರೆ ನಿನ್ನ ಪರೀಕ್ಷೆಯೆಲ್ಲ ಇದರಲ್ಲೇ ಹೋದೀತು ಎಂದು ನಕ್ಕು, ಹೇಳಿಯೇಬಿಟ್ಟೆ. ಮುಂದಿನ ಸಲ ಹೋದಾಗ ನಾಲ್ಕೂ ಪುಸ್ತಕ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿ ಜಗಲಿಯಲ್ಲಿ ಇಟ್ಟಿದ್ದ. ಮೂರನೆಯದರ ನಡುವೆ ಬಸ್ ಟಿಕೇಟು ಹಾಗೇ ಇತ್ತು. ಆಮೇಲೆ ಅವನು ಕ್ರಿಕೆಟ್ಟು, ಕೆಲಸ, ಎಲ್ಲ ಮಾತಾಡಿದ. ಪುಸ್ತಕದ ಮಾತು ನನ್ನ ಹತ್ತಿರ ಎತ್ತಲಿಲ್ಲ.

ಸಮರ್ಥನೆ ನನ್ನಲ್ಲಿ ಇತ್ತು, ಅದೂ ನಮ್ಮ ಮಣ್ಣಿನದೇ. ಕಾರ್ಕಳದ ಹತ್ತಿರ ಗದ್ದೆಯೊಂದರಲ್ಲಿ ಹರಕೆಯ ಯಕ್ಷಗಾನದ ಆಟ, ಕಟೀಲು ಮೇಳದ ‘ಶ್ರೀದೇವಿ ಮಾಹಾತ್ಮೆ’. ಅಮ್ಮನೂ ಬಂದಿದ್ದರು, ಅಳಿಯನೂ ಇದ್ದ. ನಾನು ಅವನಿಗೆ ವಾದ ಹೇಳಿದೆ: ಇಲ್ಲಿ ಕುಳಿತ ಯಾರಿಗೆ ಕೊನೆ ಗೊತ್ತಿಲ್ಲ? ಮಧುಕೈಟಭರು ಸಾಯುತ್ತಾರೆ, ಮಹಿಷಾಸುರ ಸಾಯುತ್ತಾನೆ, ಚಂಡಮುಂಡರು, ರಕ್ತಬೀಜ, ಶುಂಭನಿಶುಂಭರು ಒಬ್ಬೊಬ್ಬರಾಗಿ ಸಾಯುತ್ತಾರೆ. ನೆಲಕ್ಕೆ ಬಿದ್ದ ಪ್ರತಿ ಹನಿ ರಕ್ತದಿಂದ ಮತ್ತೊಬ್ಬ ರಾಕ್ಷಸ ಏಳುವ ಕಥೆಗಿಂತ ಕರಾಳವಾದ ಫ್ಯಾಂಟಸಿಯನ್ನು ಯಾವ ಅಮೆರಿಕದವ ಬರೆದಾನು? ಎಲ್ಲ ಗೊತ್ತಿದ್ದೂ ಜನ ಬೆಳಗಿನವರೆಗೆ ಕೂರುತ್ತಾರೆ. ಹಾಗಿದ್ದಮೇಲೆ ನಾನು ಕೊನೆ ಹೇಳಿದ್ದರಿಂದ ನಿನಗಾದ ನಷ್ಟವೇನು?

ಅಳಿಯ ಉತ್ತರ ಕೊಡಲಿಲ್ಲ. ಚರುಮುರಿ ತಿನ್ನುತ್ತಿದ್ದ ಅಮ್ಮ ಕೊಟ್ಟರು. “ಮಂಗಳಕ್ಕೆ ಬಂದು ನಿಂತವ ಆಟ ಹೇಗಾಯಿತು ಅಂತ ಹೇಳ್ಲಿಕ್ಕುಂಟಾ?”

ಹಾಗೆ ನೋಡಿದರೆ ಅಮ್ಮನೂ ಆಟ ಪೂರ್ತಿ ನೋಡುವವರಲ್ಲ. ಮಹಿಷಾಸುರನ ತಾಯಿ ಮಾಲಿನಿಯ ಕಥೆ ನಡೆಯುವಾಗ ಚಾಪೆಯ ಮೇಲೆ ಒರಗಿ ನಿದ್ದೆ ಮಾಡುತ್ತಾರೆ. ನಡುರಾತ್ರಿ ಕಳೆದು, ದೊಂದಿಗಳ ನಡುವೆ ರಾಳದ ಬೆಂಕಿ ಭುಗಿಲೆದ್ದು, ಕೋಡಿನ ಕಿರೀಟದ ಮಹಿಷಾಸುರ ಪ್ರೇಕ್ಷಕರ ನಡುವಿನಿಂದ ಅಬ್ಬರಿಸಿಕೊಂಡು ಬರುವಾಗ ಮಾತ್ರ ಎದ್ದು ಕೂರುತ್ತಾರೆ. ಆದರೆ ಎಲ್ಲಿ ನಿದ್ದೆ ಮಾಡಿದೆ ಎಂದು ಮರುದಿನ ಅವರೇ ಹೇಳುತ್ತಾರೆ. ಮಲಗಿದ್ದ ಹೊತ್ತಿನ ವೇಷದ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನೂ ಹೇಳುವುದಿಲ್ಲ.

ಪೂರ್ತಿ ಮಾಡುವುದೇ ದೊಡ್ಡದು ಎಂದು ನಮ್ಮ ಕಡೆ ಎಂದೂ ಇರಲಿಲ್ಲ. ಮಣಿಪಾಲದಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗುವಾಗ ಹಿರಿಯಡ್ಕ ಸಿಗುತ್ತದೆ. ಅಲ್ಲಿಯ ಸಿರಿಜಾತ್ರೆಯಲ್ಲಿ ತುಳು ಪಾಡ್ದನದ ನಾಯಕಿ ಸಿರಿಯ ಮಕ್ಕಳು ಮೊಮ್ಮಕ್ಕಳ ಪಾತ್ರಗಳು ಹೆಂಗಸರ ಮೈಮೇಲೆ ಬರುತ್ತವೆ, ಅಬ್ಬಗ ದಾರಗೆಯರ ಚೆನ್ನೆಯಾಟದ ಸಾವಿನ ತನಕ ನೀಳವಾಗಿ ಹಬ್ಬಿದ ಕಥೆ ಅದು. ಆದರೆ ಜಾತ್ರೆಯಲ್ಲಿ ಯಾರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಹಾಡುವುದಿಲ್ಲ. ಬೇಕಾದ ಭಾಗ ಬೇಕಾದಾಗ. ಇಡಿಯಾಗಿ ಬೇಕೆಂದು ಕೇಳಿದವರು ವಿದ್ವಾಂಸರು. 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಅವರ ಜೊತೆ ಸೇರಿ ಹಾಡುಗಾರ ಗೋಪಾಲ ನಾಯ್ಕರಿಂದ ಹೇಳಿಸಿ ದಾಖಲಿಸಿಕೊಂಡಾಗ ಅದು 15,683 ಸಾಲಾಯಿತು, 1998ರಲ್ಲಿ ಅಚ್ಚಾಯಿತು. ತುಂಡು ಕೇಳಿದವರು ತಪ್ಪು ಮಾಡಿಲ್ಲ, ಇಡೀ ಕೇಳಿದವರೂ ಮಾಡಿಲ್ಲ. ನನ್ನದು ಎರಡೂ ಅಲ್ಲ. ನಾನು ತುಂಡು ಓದಿ ಇಡೀ ಓದಿದವನ ಕುರ್ಚಿಯಲ್ಲಿ ಕುಳಿತಿದ್ದೆ.

ಮತ್ತೆ ಓದಲು ಕಾರಣ ಪಶ್ಚಾತ್ತಾಪವೇನಲ್ಲ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿ ಓದದ ಪುಸ್ತಕ ಉಳಿದಿರಲಿಲ್ಲ, ಅಷ್ಟೆ. ಪ್ಲಾಸ್ಟಿಕ್ ಹಗ್ಗ ಬಿಚ್ಚಿದೆ. ನಾಲ್ಕನೆಯದು, ಯಾವುದನ್ನು ಬೈದು ಬಿಟ್ಟಿದ್ದೆನೋ ಅದು, ಇಡೀ ಸರಣಿಯಲ್ಲೇ ಶ್ರೇಷ್ಠ ಎಂದು ಈಗ ನನ್ನ ಅಭಿಪ್ರಾಯ. ಗೋಪುರಕ್ಕಾಗಿ ರೋಲಂಡ್ ಏನನ್ನು ಬಲಿಕೊಡಬಲ್ಲ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಆ ಹುಡುಗಿಯ ಕಥೆ ಓದದೆ ಮುಂದಿನ ಅವನ ಕಾಠಿನ್ಯ ಬರೀ ಗತ್ತಿನ ಹಾಗೆ ಕಾಣುತ್ತದೆ.

ಉಳಿದ ಮೂರನ್ನು ಫೋನಿನಲ್ಲಿ ಓದಿದೆ. ಐದನೆಯದರಲ್ಲಿ ಒಂದು ಬೇಸಾಯಗಾರರ ಊರು. ಅಲ್ಲಿ ಹುಟ್ಟುವವರು ಹೆಚ್ಚಾಗಿ ಅವಳಿಗಳು. ತಲೆಮಾರಿಗೊಮ್ಮೆ ತೋಳದ ಮುಖವಾಡದ ಸವಾರರು ಬಂದು ಪ್ರತಿ ಜೋಡಿಯಲ್ಲಿ ಒಂದು ಮಗುವನ್ನು ಒಯ್ಯುತ್ತಾರೆ. ಮಕ್ಕಳು ಹಿಂದಿರುಗುತ್ತವೆ, ದೇಹ ದೈತ್ಯನಷ್ಟು ಬೆಳೆಯುತ್ತದೆ, ಬುದ್ಧಿ ನಾಶವಾಗಿರುತ್ತದೆ. ಊರಿನ ಹಿರಿಯರು ಸಭೆ ಸೇರಿ, ಎದುರಿಸುವುದೋ ಈ ಸಲವೂ ಕೊಟ್ಟುಬಿಡುವುದೋ ಎಂದು ಚರ್ಚಿಸುತ್ತಾರೆ. ಕುರೊಸಾವಾನ ‘ಸೆವೆನ್ ಸಮುರಾಯ್’ ನೋಡಿದವರಿಗೆ ಮುಂದಿನದು ಅಪರಿಚಿತವಲ್ಲ, ಆದರೂ ಆ ಸಭೆಯ ಪುಟಗಳು ನನ್ನನ್ನು ನಿದ್ದೆಗೆ ಬಿಡಲಿಲ್ಲ. ನಾನು ಹಾರಿಸಿದ್ದು ಇದನ್ನು.

ಆರನೆಯದು ಸಡಿಲ. ಸ್ಟೀಫನ್ ಕಿಂಗ್ ಎಂಬ ಲೇಖಕನೇ ಪಾತ್ರವಾಗಿ ಬರುವುದು, 1999ರ ಜೂನಿನಲ್ಲಿ ರಸ್ತೆಬದಿ ನಡೆಯುತ್ತಿದ್ದ ಕಿಂಗ್‌ಗೆ ವ್ಯಾನ್ ಬಡಿದ ನಿಜವಾದ ಅಪಘಾತ ಕಥೆಯೊಳಗೆ ನುಗ್ಗುವುದು, ಕೆಲವರಿಗೆ ಚಮತ್ಕಾರ, ನನಗೆ ತೊಡಕು. ಆದರೆ ಅವಸರದ ಕಾರಣ ಅಲ್ಲೇ ಇದೆ. ಸಾವು ಮೈಸವರಿ ಹೋದ ಮೇಲೆ ಅವರು ಕೊನೆಯ ಮೂರು ಸಂಪುಟಗಳನ್ನು 2003ರ ನವೆಂಬರಿನಿಂದ 2004ರ ಸೆಪ್ಟೆಂಬರಿನೊಳಗೆ ಹೊರತಂದರು. ಕ್ಯಾನ್ಸರ್ ಇದ್ದ ಅಜ್ಜಿಯೊಬ್ಬರು, ಮರಣದಂಡನೆಗೆ ಕಾದಿದ್ದ ಕೈದಿಯೊಬ್ಬ, ಕಥೆ ಹೇಗೆ ಮುಗಿಯುತ್ತದೆ ಎಂದು ತಮಗೆ ಮುಂಚಿತವಾಗಿ ತಿಳಿಸಿ ಎಂದು ಪತ್ರ ಬರೆದಿದ್ದರು ಎಂದು ಅವರೇ ಬರೆದಿದ್ದಾರೆ. ಹೇಳಲು ಅವರಿಗೇ ಆಗ ಗೊತ್ತಿರಲಿಲ್ಲ.

ಇನ್ನು ಆ ಕೊನೆ. ಒಮ್ಮೆ ಹೇಳಿ ಕೆಟ್ಟವನು, ಮತ್ತೆ ಹೇಳುವುದಿಲ್ಲ. ಅಕ್ಷರ ಅವೇ ಇದ್ದವು, ಕಪಾಟಿನ ಮುಂದೆ ನಿಂತು ಓದಿದವೇ. ಆ ದಿನ ಗಮನಿಸದೆ ದಾಟಿದ್ದ ಒಂದು ಸಣ್ಣ ವಸ್ತುವಿನ ಉಲ್ಲೇಖ ಈ ಸಲ ಎದೆಗೆ ಬಡಿಯಿತು, ಯಾಕೆಂದರೆ ಅದು ಕಳೆದುಹೋದ ಕಥೆ ನಾನು ಹಾರಿಸಿದ ಪುಟಗಳಲ್ಲಿತ್ತು. ಅಳಿಯನಿಗೆ ನಾನು ಹೇಳಿದ್ದ ಕೊನೆಯಲ್ಲಿ ಆ ವಸ್ತುವೇ ಇರಲಿಲ್ಲ. ಅವನ ಓದು ಕೆಟ್ಟದ್ದು ಕೊನೆ ತಿಳಿದದ್ದರಿಂದಲೂ ಅಲ್ಲ, ತಪ್ಪಾದ ಕೊನೆ ತಿಳಿದದ್ದರಿಂದ.

ಹಾಗಾದರೆ ಮುಗಿಸಬಹುದಾ? ಕೇಳಿದರೆ ಈಗ ಹೀಗೆ ಹೇಳುತ್ತೇನೆ: ಮೊದಲ ಎರಡು ಸಂಪುಟ ಹಿಡಿಸದಿದ್ದರೆ ನಿಸ್ಸಂಕೋಚವಾಗಿ ಬಿಡಿ. ನಾಲ್ಕನೆಯದು ಇಷ್ಟವಾದರೆ ಮುಗಿಸಿ, ಆರನೆಯದನ್ನು ಸಹಿಸಿಕೊಳ್ಳಿ. 2012ರಲ್ಲಿ ನಾಲ್ಕು ಮತ್ತು ಐದರ ನಡುವೆ ಸೇರಿಸಿದ ಎಂಟನೆಯ ಪುಸ್ತಕ ಇಲ್ಲದೆಯೂ ನಡೆಯುತ್ತದೆ. ಜಾರ್ಜ್ ಮಾರ್ಟಿನ್ ಅವರ ಸರಣಿ ಹಿಡಿದವರ ಸಂಕಟ ಬೇರೆ. ಐದನೆಯ ಸಂಪುಟ 2011ರಲ್ಲಿ ಬಂದದ್ದೇ, ಆರನೆಯದಕ್ಕೆ ಕಾಯುತ್ತಲೇ ಇದ್ದಾರೆ. ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡಾಗ ‘ವೀಲ್ ಆಫ್ ಟೈಮ್’ ಮುಗಿದಿರಲಿಲ್ಲ, ಬ್ರಾಂಡನ್ ಸ್ಯಾಂಡರ್ಸನ್ 2013ರಲ್ಲಿ ಹದಿನಾಲ್ಕನೆಯ ಸಂಪುಟಕ್ಕೆ ಮುಟ್ಟಿಸಿದರು. ಅವುಗಳ ಬಗ್ಗೆ ತೀರ್ಪು ಕೇಳಬೇಡಿ. ಮಾರ್ಟಿನ್‌ರದ್ದು ಎರಡು ಓದಿದ್ದೇನೆ, ಜೋರ್ಡನ್‌ರದ್ದು ಒಂದೂ ಇಲ್ಲ.

ಅಳಿಯ ಈಗ ಬೆಂಗಳೂರಿನಲ್ಲಿದ್ದಾನೆ. ಏಳೂ ಸಂಪುಟ ಮುಗಿಸಿದೆ, ನೀನು ಮತ್ತೆ ಶುರುಮಾಡಬೇಕು, ನಾನು ಹೇಳಿದ್ದು ಸರಿಯಿರಲಿಲ್ಲ ಎಂದು ಫೋನ್ ಮಾಡಿದೆ. ನೋಡುವ ಎಂದ. ಇನ್ನೂ ಶುರುಮಾಡಿಲ್ಲ. ಹೊಸ ಪುಸ್ತಕವೊಂದು ಚೆನ್ನಾಗಿದೆ ಎಂದು ನಾನು ಹೇಳಿದಾಗಲೆಲ್ಲ ಅವನ ಪ್ರಶ್ನೆ ಒಂದೇ: “ಎಷ್ಟನೇ ಪುಟದಲ್ಲಿದ್ದೀರಿ ಮಾವ?”